ಆಸ್ಪತ್ರೆಯ ಕೋಣೆಯ ಸದ್ದು

ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಕೃಷ್ಣೆಯ ದಂಡೆಯ ನಾಡಿಗೆ ರಾತ್ರಿಯ ನಿಶ್ಶಬ್ದವೆಂಬುದು ಇರುವುದಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ರಸ್ತೆಗಳಲ್ಲಿ ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡ ಟ್ರ್ಯಾಕ್ಟರುಗಳು ನಡುರಾತ್ರಿಯಲ್ಲಿಯೂ ಸಕ್ಕರೆ ಕಾರಖಾನೆಗಳ ಕಡೆಗೆ ಸಾಗುತ್ತಿರುತ್ತವೆ. ಚಾಲಕನು ತನಗೆ ತೂಕಡಿಕೆ ಬಾರದಿರಲೆಂದು ಹಚ್ಚಿದ ಹಾಡು ಎಂಜಿನ್ನಿನ ಸದ್ದನ್ನೂ ಮೀರಿಸುತ್ತದೆ. ನಿಪ್ಪಾಣಿಯ ಬಳಿಯಲ್ಲಂತೂ ಪುಣೆ-ಬೆಂಗಳೂರು ಹೆದ್ದಾರಿಗೆ ಹಗಲೂ ಒಂದೇ, ರಾತ್ರಿಯೂ ಒಂದೇ. ರಸ್ತೆಯಂಚಿನ ಆಸ್ಪತ್ರೆಯಲ್ಲಿ ಮಲಗಿದ ರೋಗಿಯನ್ನು “ರಾತ್ರಿ ನಿದ್ದೆ ಏಕೆ ಬರಲಿಲ್ಲ?” ಎಂದು ಕೇಳಿದರೆ ಅವನು ರಸ್ತೆಯ ಕಡೆಗೆ ಕೈ ತೋರಿಸುವುದು ಸಹಜವೇ. ಅವನ ಮಾತು ಸುಳ್ಳಲ್ಲ. ಆದರೆ ಅದು ಪೂರ್ತಿ ನಿಜವಾಗಿರಬೇಕೆಂದೂ ಇಲ್ಲ. ಅವನನ್ನು ನಿಜವಾಗಿ ಎಚ್ಚರಿಸಿದ್ದು ಪಕ್ಕದ ಮಂಚದ ಬಳಿ ಯಾರೋ ಎಳೆದ ಕಬ್ಬಿಣದ ಸ್ಟೂಲು ಆಗಿರಬಹುದು. ಅವನು ಎಚ್ಚತ್ತ ಮೇಲೆ ಮೊದಲು ಕಿವಿಗೆ ಬಿದ್ದದ್ದು ಟ್ರ್ಯಾಕ್ಟರು, ಅಷ್ಟೆ. ಸದ್ದನ್ನು ಕೇಳುವುದು ಒಂದು, ಅದರ ಮೂಲವನ್ನು ಅರಿಯುವುದು ಇನ್ನೊಂದು. ಈ ಎರಡನೆಯ ಕೆಲಸ ಭೌತಶಾಸ್ತ್ರಕ್ಕೆ ಸೇರಿದ್ದು. ಹೈಸ್ಕೂಲಿನಲ್ಲಿ ಕಲಿತ ಶಬ್ದಶಾಸ್ತ್ರವೇ ಇದಕ್ಕೆ ಬಹುಮಟ್ಟಿಗೆ ಸಾಕಾಗುತ್ತದೆ.

ಆಸ್ಪತ್ರೆಯ ಸದ್ದಿಗೆ ಮಿತಿಯೊಂದು ಇರಬೇಕೆಂಬ ವಿಚಾರ ಹೊಸದೇನೂ ಅಲ್ಲ. ಆಧುನಿಕ ಶುಶ್ರೂಷೆಗೆ ತಳಹದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್, 1860ರ ಸುಮಾರಿನಲ್ಲಿ ಪ್ರಕಟವಾದ ತನ್ನ ಶುಶ್ರೂಷೆಯ ಪುಸ್ತಕದಲ್ಲಿ ಸದ್ದಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಳು. ದೊಡ್ಡ ಸದ್ದಿಗಿಂತ ಅನಿರೀಕ್ಷಿತವಾದ ಸದ್ದು, ಜೋರಾದ ಮಾತಿಗಿಂತ ಬಾಗಿಲ ಬಳಿಯ ಪಿಸುಮಾತು ರೋಗಿಯನ್ನು ಹೆಚ್ಚು ಬಾಧಿಸುತ್ತದೆಂಬುದನ್ನು ಅವಳು ಯಾವ ಯಂತ್ರವೂ ಇಲ್ಲದೆ ಗುರುತಿಸಿದ್ದಳು. ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿ ವಾರ್ಡಿನೊಳಗಿನ ಸರಾಸರಿ ಸದ್ದು 30 ಡೆಸಿಬೆಲ್ ಮೀರದಿರಲಿ, ರಾತ್ರಿ ಕ್ಷಣಮಾತ್ರದ ಸದ್ದೂ 40 ಡೆಸಿಬೆಲ್ ದಾಟದಿರಲಿ ಎಂದು ಸೂಚಿಸಿತು. ನಮ್ಮ ದೇಶದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಮೇರೆಗೆ ಆಸ್ಪತ್ರೆಯ ಸುತ್ತ 100 ಮೀಟರಿನವರೆಗಿನ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಹಗಲು 50, ರಾತ್ರಿ 10ರಿಂದ ಬೆಳಗಿನ 6ರವರೆಗೆ 40 ಡೆಸಿಬೆಲ್ ಮಿತಿ. ವಾಸ್ತವವೋ ಬೇರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಹಲವು ಆಸ್ಪತ್ರೆಗಳ ಅಳತೆಗಳನ್ನು ಒಟ್ಟುಗೂಡಿಸಿ ನೋಡಿದಾಗ, 1960ರಲ್ಲಿ 57 ಡೆಸಿಬೆಲ್ ಇದ್ದ ಹಗಲಿನ ಸದ್ದು 72ಕ್ಕೂ, 42 ಇದ್ದ ರಾತ್ರಿಯ ಸದ್ದು 60ಕ್ಕೂ ಏರಿತ್ತು. ಆಸ್ಪತ್ರೆಗಳು ಯಂತ್ರಗಳಿಂದ ತುಂಬಿದಂತೆಲ್ಲ ಸದ್ದಿನಿಂದಲೂ ತುಂಬಿದುವು.

ಡೆಸಿಬೆಲ್ಲಿನ ವಿಚಿತ್ರ ಕೂಡಿಕೆ

ಮೂಲವನ್ನು ಹುಡುಕಲು ಹೊರಡುವ ಮುನ್ನ ಡೆಸಿಬೆಲ್ಲಿನ ಲೆಕ್ಕವನ್ನು ಮನದಟ್ಟು ಮಾಡಿಕೊಳ್ಳಬೇಕು. ಇಲ್ಲವಾದರೆ ಎಷ್ಟು ಹುಡುಕಿದರೂ ದಾರಿ ತಪ್ಪುತ್ತದೆ. ಡೆಸಿಬೆಲ್ ಎಂಬುದು ಗ್ರಾಮು, ಮೀಟರುಗಳಂತೆ ನೇರವಾಗಿ ಕೂಡುವ ಮಾನವಲ್ಲ, ಲಾಗರಿದಮ್ ಮಾನ. 10 ಡೆಸಿಬೆಲ್ ಏರಿತೆಂದರೆ ಶಬ್ದದ ಶಕ್ತಿ 10 ಪಾಲಾಯಿತು. 20 ಏರಿತೆಂದರೆ 100 ಪಾಲು. ಸಮನಾದ ಎರಡು ಸದ್ದುಗಳು ಕೂಡಿದಾಗ ಒಟ್ಟು ಸದ್ದು 3 ಡೆಸಿಬೆಲ್ ಮಾತ್ರ ಹೆಚ್ಚುತ್ತದೆ. 60ಕ್ಕೆ 60 ಕೂಡಿದರೆ 120 ಅಲ್ಲ, 63.

ಒಂದು ವಾರ್ಡನ್ನು ಕಲ್ಪಿಸಿಕೊಳ್ಳೋಣ. ಸಂಜೆಯ ಹೊತ್ತು, ರೋಗಿಗಳ ಮನೆಯವರು ಬಂದಿದ್ದಾರೆ. ಮಂಚದ ಬಳಿ ಅವರ ಮಾತು 60 ಡೆಸಿಬೆಲ್, ಮೇಲಿನ ಫ್ಯಾನು 55, ಹೊರಗಿನ ಜನರೇಟರು 52, ಮೂಲೆಯಲ್ಲಿರುವ ಆಮ್ಲಜನಕದ ಯಂತ್ರ 50 ಎಂದಿರಲಿ. ನಾಲ್ಕೂ ಕೂಡಿದರೆ 62 ಆಗುತ್ತದೆ. ಈಗ ಯಾರೋ ಆಮ್ಲಜನಕದ ಯಂತ್ರವೇ ಪೀಡೆಯೆಂದು ಬಗೆದು, ಹಣ ಖರ್ಚುಮಾಡಿ, ಸದ್ದೇ ಇಲ್ಲದ ಯಂತ್ರವನ್ನು ತಂದಿಟ್ಟರೆನ್ನಿ. ಒಟ್ಟು ಸದ್ದು ಎಷ್ಟು ಇಳಿಯಿತು? ಡೆಸಿಬೆಲ್ಲಿನ 10ರಲ್ಲಿ 3 ಪಾಲು. ಯಾವ ಕಿವಿಯೂ ಅದನ್ನು ಗುರುತಿಸಲಾರದು. ಅದೇ, ಮಾತು ನಿಂತರೆ 62 ಇದ್ದದ್ದು 57.6ಕ್ಕೆ ಇಳಿಯುತ್ತದೆ. ಮಾತು ನಿಂತ ಮೇಲೆ ಫ್ಯಾನು ದೊಡ್ಡದಾಗುತ್ತದೆ. ಅದನ್ನು ಸರಿಪಡಿಸಿದರೆ ಜನರೇಟರು. ಒಟ್ಟು ಸದ್ದಿನಲ್ಲಿ ಯಾವಾಗಲೂ ಅತಿ ದೊಡ್ಡದರದೇ ಆಳ್ವಿಕೆ. ಅದನ್ನು ಬಿಟ್ಟು ಎರಡನೆಯದನ್ನೋ ಮೂರನೆಯದನ್ನೋ ಹಿಡಿದವನ ಶ್ರಮ ನೀರಿನಲ್ಲಿ ಹೋಮ ಮಾಡಿದಂತೆ.

ಅತಿ ದೊಡ್ಡದು ಯಾವುದೆಂದು ತಿಳಿಯಲು ಈ ಲೆಕ್ಕವನ್ನೇ ತಿರುಗಿಸಬಹುದು. ಒಂದೊಂದೇ ಮೂಲವನ್ನು ನಿಲ್ಲಿಸಿ, ಉಳಿದದ್ದನ್ನು ಅಳೆಯುವುದು. ಎಲ್ಲವೂ ನಡೆಯುತ್ತಿದ್ದಾಗ 60 ಇದ್ದು, ಫ್ಯಾನನ್ನು ನಿಲ್ಲಿಸಿದಾಗ 57 ಆದರೆ, ಫ್ಯಾನಿನ ಪಾಲು 57: ಉಳಿದೆಲ್ಲ ಸದ್ದುಗಳು ಕೂಡಿದಷ್ಟು ಅದೊಂದೇ ಮಾಡುತ್ತಿತ್ತು. 60 ಇದ್ದದ್ದು 59.5 ಆದರೆ ಅದರ ಪಾಲು ಸುಮಾರು 50. ಅದನ್ನು ಸದ್ಯಕ್ಕೆ ಬಿಡಬಹುದು. ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಪ್ರಯೋಗದ ಉತ್ಸಾಹದಲ್ಲಿ ರೋಗಿಗೆ ಜೋಡಿಸಿದ ಯಾವ ಯಂತ್ರವನ್ನೂ ವಿದ್ಯಾರ್ಥಿಗಳು ಮುಟ್ಟಕೂಡದು. ಖಾಲಿಯಿರುವ ಕೋಣೆಯಲ್ಲಿ, ವೈದ್ಯಾಧಿಕಾರಿಗಳ ಅಪ್ಪಣೆ ಪಡೆದು, ಸಿಬ್ಬಂದಿಯವರಿಂದಲೇ ಯಂತ್ರಗಳನ್ನು ಹಚ್ಚಿಸಿ, ಆರಿಸಿ ನೋಡತಕ್ಕದ್ದು.

ಕಿವಿಯನ್ನು ಎಷ್ಟು ನಂಬಬಹುದು?

ಅಳೆಯುವುದೇಕೆ, ಕಿವಿಯೇ ಹೇಳುವುದಿಲ್ಲವೇ ಎಂದು ಕೆಲವರು ಕೇಳಬಹುದು. ಬಯಲಿನಲ್ಲಿ ಕಿವಿ ಬಲು ಜಾಣ. ಎಡಗಡೆಯ ಸದ್ದು ಎಡಗಿವಿಯನ್ನು ಮೊದಲು ಮುಟ್ಟುತ್ತದೆ, ತಲೆಯನ್ನು ಬಳಸಿಕೊಂಡು ಬಲಗಿವಿಯನ್ನು ಮುಟ್ಟುವುದು ಸ್ವಲ್ಪ ತಡ. ಈ ತಡ ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಭಾಗದ ಮೂರರಲ್ಲಿ ಎರಡು ಪಾಲು. ಅಷ್ಟನ್ನೇ ಹಿಡಿದು ಮೆದುಳು ದಿಕ್ಕನ್ನು ಗೊತ್ತುಮಾಡುತ್ತದೆ. ಎತ್ತರದ ಸ್ವರಗಳಿಗೆ ತಲೆಯೇ ಅಡ್ಡವಾಗಿ ಆಚೆಯ ಕಿವಿಗೆ ನೆರಳು ಬೀಳುವುದರಿಂದ ಸದ್ದಿನ ಹೆಚ್ಚುಕಡಮೆಯೂ ದಿಕ್ಕನ್ನು ಸೂಚಿಸುತ್ತದೆ. ಈ ಎರಡು ಉಪಾಯಗಳನ್ನು ಇಂಗ್ಲೆಂಡಿನ ಲಾರ್ಡ್ ರ‍್ಯಾಲೀ 1907ರಲ್ಲಿ ವಿವರಿಸಿದನು.

ಕೋಣೆಯೊಳಗೆ ಈ ಜಾಣತನಕ್ಕೆ ಮಂಕು ಕವಿಯುತ್ತದೆ. ರೋಗಿಯ ನಾಡಿಯನ್ನೂ ರಕ್ತದ ಆಮ್ಲಜನಕವನ್ನೂ ತೋರಿಸುವ ಯಂತ್ರಗಳು ಕೂಗುವ “ಬೀಪ್” ಧ್ವನಿ ಹಲವು ವೇಳೆ ಶುದ್ಧವಾದ ಒಂದೇ ಸ್ವರ. ಸೆಕೆಂಡಿಗೆ 3,000 ಕಂಪನಗಳ ಸ್ವರವಾದರೆ ಅದರ ತರಂಗದ ಉದ್ದ ಸುಮಾರು 11 ಸೆಂಟಿಮೀಟರು, ಅಂದರೆ ತಲೆಯ ಅಗಲಕ್ಕಿಂತ ಕಡಮೆ. ಎರಡು ಕಿವಿಗಳಿಗೆ ಬಂದ ಅಲೆಗಳಲ್ಲಿ ಯಾವುದು ಯಾವುದಕ್ಕೆ ಜೊತೆಯೆಂಬುದೇ ಮೆದುಳಿಗೆ ತಿಳಿಯದು. ಮೇಲಾಗಿ ಗೋಡೆಗಳಿಂದ ಮರಳಿದ ಅಲೆಗಳು ಮೂಲದ ಅಲೆಯೊಡನೆ ಬೆರೆಯುತ್ತವೆ. ಆದುದರಿಂದಲೇ ಸಾಲಾಗಿ ಆರು ಮಂಚಗಳಿರುವ ಕೋಣೆಯಲ್ಲಿ ಯಾವ ಮಂಚದ ಯಂತ್ರ ಕೂಗುತ್ತಿದೆಯೆಂದು ಅನುಭವಸ್ಥ ದಾದಿಯರೂ ಕಣ್ಣಿನಿಂದ ನೋಡಿಯೇ ನಿರ್ಧರಿಸಬೇಕಾಗುತ್ತದೆ. ಚಪ್ಪಾಳೆ, ಕೆಮ್ಮು, ತಟ್ಟೆ ಬಿದ್ದ ಸದ್ದು ಇಂಥವುಗಳ ದಿಕ್ಕು ಮಾತ್ರ ಥಟ್ಟನೆ ತಿಳಿಯುತ್ತದೆ. ಅವುಗಳಲ್ಲಿ ಬಗೆಬಗೆಯ ಸ್ವರಗಳು ಬೆರೆತಿವೆ, ಅವುಗಳಿಗೆ ಸ್ಪಷ್ಟವಾದ ಆರಂಭವೂ ಇದೆ.

ತಗ್ಗಿನ ಸ್ವರಗಳ ಮೋಸ ಇನ್ನೂ ದೊಡ್ಡದು. ವಿದ್ಯುತ್ ಯಂತ್ರಗಳ ಗುಂಯ್‌ಗುಟ್ಟುವಿಕೆ ಸೆಕೆಂಡಿಗೆ 100 ಕಂಪನಗಳದು. ತರಂಗದ ಉದ್ದ 3.4 ಮೀಟರು. ಇಂಥ ಅಲೆ ಗೋಡೆಗೆ ಬಡಿದು ಮರಳಿ ತನ್ನೊಡನೆ ತಾನೇ ಬೆರೆತು, ಕೋಣೆಯಲ್ಲಿ ಜೋರಾದ ತಾಣಗಳನ್ನೂ ಸಪ್ಪಳವಡಗಿದ ತಾಣಗಳನ್ನೂ ನಿರ್ಮಿಸುತ್ತದೆ. ಒಂದು ಜೋರಾದ ತಾಣದಿಂದ ಮತ್ತೊಂದಕ್ಕೆ ಸುಮಾರು 1.7 ಮೀಟರು. ಒಂದು ಮಂಚದ ರೋಗಿ ರಾತ್ರಿಯೆಲ್ಲ ಗುಂಯ್ಯೆನ್ನುತ್ತಿತ್ತೆಂದು ದೂರಿದರೆ ಪಕ್ಕದ ಮಂಚದವನು ಏನೂ ಕೇಳಿಸಲಿಲ್ಲವೆಂದು ಸಾಧಿಸಬಹುದು. ಇಬ್ಬರೂ ನಿಜವನ್ನೇ ಹೇಳುತ್ತಾರೆ! ಸದ್ದು ಅತಿ ಜೋರಾಗಿ ಕೇಳುವ ಸ್ಥಳದಲ್ಲಿಯೇ ಅದರ ಮೂಲವಿದೆಯೆಂದು ಭಾವಿಸಿದವನು ಬರಿಯ ಗೋಡೆಯನ್ನು ದುರಸ್ತಿ ಮಾಡಿಯಾನು. ಹತ್ತಾರು ಮೈಕುಗಳನ್ನು ಒಂದೇ ಚೌಕಟ್ಟಿನಲ್ಲಿ ಜೋಡಿಸಿ, ಅವುಗಳಿಗೆ ಸದ್ದು ತಲಪುವ ಕಾಲದ ಅಂತರದಿಂದ ಮೂಲವನ್ನು ಚಿತ್ರದಲ್ಲಿ ತೋರಿಸುವ ಧ್ವನಿ ಕ್ಯಾಮರಾಗಳು ಈಗ ಬಂದಿವೆ. ಬಯಲಿನಲ್ಲಿ ಅವು ಸೊಗಸಾಗಿ ಕೆಲಸ ಮಾಡುತ್ತವೆ. ಚಿಕ್ಕ ಕೋಣೆಯಲ್ಲಿ ಅವೂ ಗೋಡೆಯನ್ನೇ ಮೂಲವೆಂದು ತೋರಿಸುವುದುಂಟು.

ಅಂದ ಮೇಲೆ ಬುದ್ಧಿಯನ್ನು ಉಪಯೋಗಿಸುವುದೇ ಲೇಸು. ಫ್ಯಾನಿನ ಸದ್ದನ್ನೇ ನೋಡಿ. ನಿಮಿಷಕ್ಕೆ 300 ಸುತ್ತು ತಿರುಗುವ, ಮೂರು ರೆಕ್ಕೆಗಳ ಫ್ಯಾನಿನ ರೆಕ್ಕೆಗಳು ಒಂದು ಸ್ಥಳವನ್ನು ಸೆಕೆಂಡಿಗೆ 15 ಸಲ ಹಾಯುತ್ತವೆ. 15 ಕಂಪನಗಳ ಸ್ವರ ಮನುಷ್ಯನ ಕಿವಿಗೆ ಕೇಳಿಸದು. ಹಾಗಾದರೆ ನಾವು ಕೇಳುವುದು ಏನು? ಮೂರು ಬೇರೆಬೇರೆ ಸದ್ದುಗಳನ್ನು: ಗಾಳಿಯ ಸುಯ್ಲು, ಮೋಟಾರಿನ ಗುಂಯ್‌ಗುಟ್ಟುವಿಕೆ, ಸಡಿಲಾದ ಭಾಗದ ಟಕಟಕ. ಸ್ವಿಚ್ಚನ್ನು ಆರಿಸಿ ಕಿವಿಗೊಡಿ. ರೆಕ್ಕೆಗಳು ಇನ್ನೂ ತಿರುಗುತ್ತಿರುವಾಗಲೇ ಥಟ್ಟನೆ ನಿಂತ ಸದ್ದು ವಿದ್ಯುತ್ತಿನದು. ನಮ್ಮಲ್ಲಿ ವಿದ್ಯುತ್ ಪ್ರವಾಹ ಸೆಕೆಂಡಿಗೆ 50 ಆವರ್ತನೆ ಮಾಡುತ್ತದೆ; ಪ್ರತಿ ಆವರ್ತನೆಯಲ್ಲಿ ಅಯಸ್ಕಾಂತದ ಸೆಳೆತ ಎರಡು ಸಲ ಏರುವುದರಿಂದ 100 ಕಂಪನಗಳ ಸ್ವರ ಹುಟ್ಟುತ್ತದೆ. ವೇಗ ತಗ್ಗಿದಂತೆ ಮೆಲ್ಲಮೆಲ್ಲನೆ ತಗ್ಗಿದ ಸದ್ದು ಗಾಳಿಯದು. ಸುತ್ತಿಗೊಮ್ಮೆ ಬರುವ ಟಕ್ಕೆಂಬ ಸದ್ದು ಸಡಿಲಾದ ಕಪ್ಪಿನದೋ ಸ್ಕ್ರೂವಿನದೋ. ಮೊದಲನೆಯದಕ್ಕೆ ರೆಗ್ಯುಲೇಟರನ್ನು ಬದಲಿಸಿ ನೋಡಬೇಕು, ಮೂರನೆಯದಕ್ಕೆ ಸ್ಕ್ರೂಡ್ರೈವರು ಸಾಕು. ಒಂದೇ ಫ್ಯಾನು, ಮೂರು ರೋಗ, ಮೂರು ಔಷಧ.

ಹಾದಿ ಯಾವುದು?

ಸದ್ದಿನ ಹುಟ್ಟಿನಷ್ಟೇ ಅದು ಬರುವ ಹಾದಿಯನ್ನೂ ವಿಚಾರಿಸಬೇಕು. ಎರಡೂ ಬದಿಗೆ ಗಿಲಾವು ಮಾಡಿದ ಒಂಬತ್ತು ಇಂಚಿನ ಇಟ್ಟಿಗೆಯ ಗೋಡೆ ಹೊರಗಿನ ಸದ್ದನ್ನು ಸುಮಾರು 50 ಡೆಸಿಬೆಲ್ ತಗ್ಗಿಸುತ್ತದೆ. ಹೊರಗೆ ಟ್ರ್ಯಾಕ್ಟರಿನ 85 ಡೆಸಿಬೆಲ್ ಇದ್ದರೆ ಗೋಡೆಯನ್ನು ತೂರಿ ಬರುವುದು 35 ಮಾತ್ರ. ಆದರೆ ಗೋಡೆಯ ನೂರರಲ್ಲಿ ಒಂದು ಪಾಲು ಜಾಗ ತೆರೆದಿದ್ದರೂ ಶಕ್ತಿಯ ನೂರರಲ್ಲಿ ಒಂದು ಪಾಲು ಒಳಗೆ ಬಂದೇ ಬರುತ್ತದೆ; ಎಂದರೆ ತಗ್ಗುವುದು ಬರಿಯ 20 ಡೆಸಿಬೆಲ್, ಒಳಗೆ 65. ಕದದ ಕೆಳಗಿನ ಸಂದು, ಸರಿಯಾಗಿ ಮುಚ್ಚದ ಕಿಟಕಿ, ಕೂಲರಿಗಾಗಿ ಕೊರೆದು ಹಾಗೆಯೇ ಬಿಟ್ಟ ರಂಧ್ರ ಇವುಗಳ ಎದುರಿಗೆ ಗೋಡೆಯ ದಪ್ಪ ಲೆಕ್ಕಕ್ಕೆ ಬಾರದು. ಕಿಟಕಿಗಳನ್ನೆಲ್ಲ ಮುಚ್ಚಿಬಿಡೋಣವೆನ್ನುವಂತೆಯೂ ಇಲ್ಲ. ಕ್ಷಯದಂತಹ ರೋಗಗಳಿರುವ ಕಡೆ ಗಾಳಿಯ ಓಡಾಟವೇ ಒಂದು ಚಿಕಿತ್ಸೆ. ಸದ್ದಿಗಾಗಿ ಗಾಳಿಯನ್ನು ಬಲಿಗೊಡುವುದು ನನಗಂತೂ ಸಮ್ಮತವಲ್ಲ. ರಾತ್ರಿ ರಸ್ತೆಯ ಕಡೆಯವನ್ನು ಮುಚ್ಚಿ, ಒಳಂಗಳದ ಕಡೆಯವನ್ನು ತೆರೆದಿಡುವುದು ಹಲವು ಕಟ್ಟಡಗಳಲ್ಲಿ ಸಾಧ್ಯ.

ರಾತ್ರಿಯ ದೂರದ ಸದ್ದಿನಲ್ಲಿ ಇನ್ನೊಂದು ವಿಶೇಷವಿದೆ. ಮೀರಜ-ಲೋಂಡಾ ಮಾರ್ಗದ ಉಗಾರ ಖುರ್ದ, ಕುಡಚಿ, ರಾಯಬಾಗಗಳ ಆಸುಪಾಸಿನವರಿಗೆ ಇದು ಪರಿಚಿತ: ಹಗಲು ಕೇಳಿಸದಷ್ಟು ದೂರದ ರೈಲಿನ ಸಿಳ್ಳು ರಾತ್ರಿ ಸ್ಪಷ್ಟವಾಗಿ ಕೇಳುತ್ತದೆ. ಸುತ್ತಲಿನ ಸದ್ದಡಗಿರುವುದು ಒಂದು ಕಾರಣ. ಚಳಿಗಾಲದ ಶುಭ್ರವಾದ ರಾತ್ರಿಗಳಲ್ಲಿ ನೆಲ ಬೇಗ ತಣ್ಣಗಾಗಿ, ನೆಲದ ಬಳಿಯ ಗಾಳಿ ತಂಪಾಗಿಯೂ ಮೇಲಿನದು ಬೆಚ್ಚಗಾಗಿಯೂ ಇರುವುದು ಇನ್ನೊಂದು. ಬೆಚ್ಚನೆಯ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಆದುದರಿಂದ ಮೇಲಕ್ಕೆ ಹೋದ ಅಲೆ ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತದೆ. ಕಬ್ಬಿನ ಹಂಗಾಮೂ ಈ ಚಳಿಗಾಲದ್ದೇ ಎಂಬುದು ರೋಗಿಗಳ ದುರದೃಷ್ಟ.

ಕೆಲವು ಸದ್ದುಗಳು ಗಾಳಿಯ ಹಾದಿಯನ್ನೇ ಹಿಡಿಯುವುದಿಲ್ಲ. ನೀರೆತ್ತುವ ಪಂಪನ್ನು ಗೋಡೆಗೆ ಬಿಗಿದಿದ್ದರೆ, ಜನರೇಟರನ್ನು ಕಟ್ಟಡದ ಕಾಂಕ್ರೀಟಿನ ಮೇಲೆಯೇ ಕೂರಿಸಿದ್ದರೆ, ಅವುಗಳ ಕಂಪನ ಕಬ್ಬಿಣದ ಕೊಳವೆಗಳಲ್ಲಿಯೂ ಕಾಂಕ್ರೀಟಿನಲ್ಲಿಯೂ ಹರಿದು ಮೂರು ಕೋಣೆಗಳಾಚೆ ಒಂದು ಗೋಡೆಯನ್ನು ನಗಾರಿಯ ಚರ್ಮದಂತೆ ನುಡಿಸುತ್ತದೆ. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5,000 ಮೀಟರು ಓಡುತ್ತದೆ, ಗಾಳಿಯಲ್ಲಿ ಸುಮಾರು 345. ಇಂಥದನ್ನು ಗುರುತಿಸುವುದು ಸುಲಭ. ಕಿಟಕಿ ಬಾಗಿಲುಗಳನ್ನು ಮುಚ್ಚಿದಾಗಲೂ ಸದ್ದು ತಗ್ಗದಿದ್ದರೆ ಅದು ಕಟ್ಟಡದ ಮೈಯೊಳಗಿಂದ ಬರುತ್ತಿದೆಯೆಂದು ಸಂಶಯಿಸಬೇಕು. ಆಮೇಲೆ ಗೋಡೆ, ಕೊಳವೆ, ಕಿಟಕಿಯ ಚೌಕಟ್ಟುಗಳಿಗೆ ಒಂದೊಂದಾಗಿ ಸ್ಟೆತೊಸ್ಕೋಪನ್ನು ಇಟ್ಟು ಕೇಳಬೇಕು. ಫ್ರಾನ್ಸಿನ ಲೆನೆಕ್ 1816ರಲ್ಲಿ ಹೃದಯದ ಬಡಿತ ಕೇಳಲೆಂದು ಕಂಡುಹಿಡಿದ ಈ ಸಾಧನ ಕಟ್ಟಡದ ನಾಡಿಯನ್ನೂ ಹಾಗೆಯೇ ಹೇಳುತ್ತದೆ. ಗ್ಯಾರೇಜಿನ ಮೇಸ್ತ್ರಿ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಾನಿಸಿ ಎಂಜಿನ್ನಿನ ಬೇರಿಂಗನ್ನು ಪರೀಕ್ಷಿಸುವುದೂ ಇದೇ ಉಪಾಯದಿಂದ. ಮೂಲ ಸಿಕ್ಕಿತೆಂದರೆ ಪಂಪಿನ ಕೆಳಗೆ ರಬ್ಬರಿನ ಮೆತ್ತೆ, ಕೊಳವೆಯ ನಡುವೆ ಬಳುಕುವ ತುಂಡು ಹಾಕಿದರೆ ಹಾದಿ ಕಡಿಯುತ್ತದೆ.

ಕೋಣೆಯೇ ಸದ್ದಿಗೆ ಒತ್ತಾಸೆ ಕೊಡುವುದೂ ಉಂಟು. ಅಥಣಿಯಿಂದ ಪೂರ್ವಕ್ಕೆ ವಿಜಯಪುರದ ಗೋಳಗುಮ್ಮಟಕ್ಕೆ ಹೋದವರು ಪಿಸುಮಾತು ಗುಮ್ಮಟದ ಆಚೆಗೆ ಕೇಳುವುದನ್ನು, ಒಂದು ಚಪ್ಪಾಳೆ ಹಲವಾಗುವುದನ್ನು ಬೆರಗಿನಿಂದ ಕೇಳಿರುತ್ತಾರೆ. ಗಾರೆ, ಹಂಚು, ಫರಸಿಗಳಿಂದ ಮಾಡಿದ ವಾರ್ಡು ಒಂದು ಚಿಕ್ಕ ಗೋಳಗುಮ್ಮಟವೇ. ಬೆರಗು ಮಾತ್ರ ಇಲ್ಲ. ಹಾರ್ವರ್ಡಿನ ತರುಣ ಅಧ್ಯಾಪಕ ವ್ಯಾಲೆಸ್ ಸೇಬಿನ್ 1895ರಲ್ಲಿ, ಮಾತೇ ಅರ್ಥವಾಗದಂತಿದ್ದ ಒಂದು ಉಪನ್ಯಾಸ ಮಂದಿರವನ್ನು ಸರಿಪಡಿಸುವ ಕೆಲಸವನ್ನು ವಹಿಸಿಕೊಂಡು, ರಾತ್ರಿಯ ವೇಳೆ ನಾಟಕಶಾಲೆಯ ಮೆತ್ತೆಗಳನ್ನು ಹೊತ್ತು ತಂದು, ಸದ್ದು ಅಡಗಲು ಹಿಡಿಯುವ ಕಾಲವನ್ನು ಅಳೆದನು. ಅವನ ಸೂತ್ರ ಸರಳ: ಕೋಣೆಯ ಘನ ಮೀಟರುಗಳನ್ನು 0.161ರಿಂದ ಗುಣಿಸಿ, ಸದ್ದನ್ನು ಹೀರುವ ಚದರ ಮೀಟರುಗಳಿಂದ ಭಾಗಿಸಿದರೆ ಅನುರಣನದ ಸೆಕೆಂಡುಗಳು ಬರುತ್ತವೆ. 6 ಮೀಟರು ಉದ್ದ, 5 ಅಗಲ, 3.5 ಎತ್ತರದ ಕೋಣೆಯ ಘನ 105; ಅದರ ಒಳಮೈ 137 ಚದರ ಮೀಟರು. ಗಾರೆಯೂ ಫರಸಿಯೂ ನೂರಕ್ಕೆ 3 ಪಾಲು ಹೀರಿದರೆ ಒಟ್ಟು 4.1. ಉತ್ತರ 4.1 ಸೆಕೆಂಡು! ಖಾಲಿ ಕೋಣೆ ಇದು. ಹಾಸಿಗೆ, ಜನ, ತೆರೆದ ಕಿಟಕಿ ಸೇರಿ ಹೀರಿಕೆ 12ಕ್ಕೆ ಏರಿದರೆ 1.4 ಸೆಕೆಂಡಿಗೆ ಇಳಿಯುತ್ತದೆ. ಸೇಬಿನ್ ತನ್ನ ಹೀರಿಕೆಯ ಮಾನವನ್ನಾಗಿ ಆರಿಸಿಕೊಂಡದ್ದು ತೆರೆದ ಕಿಟಕಿಯನ್ನೇ, ಏಕೆಂದರೆ ಅದರತ್ತ ಹೋದ ಸದ್ದು ಮರಳುವುದಿಲ್ಲ. ಹೊರಗಿನ ಸದ್ದನ್ನು ಒಳಕ್ಕೆ ಬಿಡುವ ಕಿಟಕಿಯೇ ಒಳಗಿನ ಸದ್ದನ್ನು ಹೊರಕ್ಕೆ ಕಳಿಸುತ್ತದೆ. ರಸ್ತೆ ಶಾಂತವಾಗಿದ್ದು ಒಳಗೆ ಗದ್ದಲವಿದ್ದಾಗ ಕಿಟಕಿ ಮುಚ್ಚುವುದರಿಂದ ವಾರ್ಡಿನ ಸದ್ದು ಹೆಚ್ಚೀತು.

ಸರಾಸರಿ ಮರೆಮಾಡುವ ಸದ್ದು

ಸ್ಟೂಲಿನ ಮಾತಿಗೆ ಈಗ ಬರೋಣ. ಕಬ್ಬಿಣದ ಕಾಲು ಫರಸಿಯ ಮೇಲೆ ಕಚ್ಚಿ ಹಿಡಿದು, ಜಾರಿ, ಮತ್ತೆ ಕಚ್ಚುವುದರಿಂದ ಆ ಕಿರುಚು ಹುಟ್ಟುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಇದೇ ಕ್ರಮದಿಂದ. ಸಿ. ವಿ. ರಾಮನ್ ಅವರು ತಮ್ಮ ಆರಂಭದ ವರ್ಷಗಳಲ್ಲಿ ಪಿಟೀಲಿನ ಈ ಕಚ್ಚು-ಜಾರುಗಳನ್ನು ಆಳವಾಗಿ ಅಭ್ಯಸಿಸಿದ್ದರು. ಮಾಪನದ ದೃಷ್ಟಿಯಿಂದ ಈ ಸದ್ದು ಬಲು ಕಪಟಿ. ರಾತ್ರಿಯ ಎಂಟು ಗಂಟೆಗಳಲ್ಲಿ ವಾರ್ಡಿನ ಸದ್ದು 40 ಡೆಸಿಬೆಲ್ ಇದೆಯೆನ್ನಿ. ನಡುವೆ ಹತ್ತು ಸಲ, ಒಂದೊಂದು ಸೆಕೆಂಡಿನಷ್ಟು, 75 ಡೆಸಿಬೆಲ್ಲಿನ ಸದ್ದಾಯಿತು: ಸ್ಟೂಲು, ಟ್ರೇ, ಸ್ಟೀಲಿನ ಡಬ್ಬಿಯ ಮುಚ್ಚಳ, ಗಾಳಿಗೆ ಬಡಿದ ಕದ. ಎಂಟು ಗಂಟೆಗಳ ಸರಾಸರಿ ಎಷ್ಟಾಯಿತು? 43.2. ಕೇವಲ ಮೂರು ಡೆಸಿಬೆಲ್ ಏರಿದೆಯಲ್ಲ ಎಂದು ವರದಿ ಬರೆಯುವವರು ತೃಪ್ತಿಪಡಬಹುದು. ಹತ್ತು ಸಲ ಬೆಚ್ಚಿ ಎದ್ದ ರೋಗಿಗೆ ಅದು ನಿದ್ರೆಯಿಲ್ಲದ ರಾತ್ರಿ. ದಿನ ತುಂಬದೆ ಹುಟ್ಟಿದ ಶಿಶುಗಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಅವುಗಳ ಕೋಣೆಯಲ್ಲಿ 45 ಡೆಸಿಬೆಲ್ ಮೀರಿದ ಸದ್ದು ಕಳವಳದ ಸಂಗತಿಯೆಂದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ 1997ರಲ್ಲಿ ಹೇಳಿತು. ಶಿಶುವನ್ನು ಬೆಚ್ಚಗಿಡುವ ಗಾಜಿನಂತಹ ಪೆಟ್ಟಿಗೆಯ ಕಿಂಡಿಯನ್ನು ಧಡಕ್ಕನೆ ಮುಚ್ಚಿದರೆ, ಹೊರಗಿನವರಿಗೆ ಅಲ್ಪವೆನಿಸಿದ ಸದ್ದು ಒಳಗಿನ ಶಿಶುವಿಗೆ ಬಲು ದೊಡ್ಡದಾಗಿ ಕೇಳುತ್ತದೆ.

ಆದುದರಿಂದ ವಾರ್ಡಿನ ಸದ್ದನ್ನು ಅಭ್ಯಸಿಸಬಯಸುವ ವಿದ್ಯಾರ್ಥಿಗಳು ಮೀಟರಿನ ಜೊತೆಗೆ ಒಂದು ವಹಿಯನ್ನೂ ಇಟ್ಟುಕೊಳ್ಳಬೇಕು. ಮೊಬೈಲ್ ಫೋನಿನ ಅಳತೆಗಳು ನಿಖರವಲ್ಲವಾದರೂ ಒಂದೇ ಫೋನಿನಿಂದ, ಒಂದೇ ಸ್ಥಳದಲ್ಲಿ ತೆಗೆದ ಅಳತೆಗಳನ್ನು ಪರಸ್ಪರ ಹೋಲಿಸಲು ಅಡ್ಡಿಯಿಲ್ಲ. ಫೋನನ್ನು ರೋಗಿಯ ದಿಂಬಿನ ಎತ್ತರದಲ್ಲಿ, ಗೋಡೆಯಿಂದ ಒಂದು ಮೀಟರಾದರೂ ದೂರ ಇಡತಕ್ಕದ್ದು. ವಹಿಯಲ್ಲಿ ಸಮಯ, ಸದ್ದಿನ ಬಗೆ, ಮೀಟರು ತೋರಿದ ಶಿಖರ, ಆಗ ಯಾರು ಎಚ್ಚತ್ತರು ಎಂಬ ನಾಲ್ಕು ಅಂಕಣಗಳು ಸಾಕು. ಸ್ಟೂಲಿನ ಕಾಲುಗಳಿಗೆ ರಬ್ಬರಿನ ಬೂಚು ತೊಡಿಸುವ ಮುಂಚಿನ ಒಂದು ರಾತ್ರಿ, ತೊಡಿಸಿದ ಬಳಿಕ ಒಂದು ರಾತ್ರಿ ಬರೆದು ನೋಡಿದರೆ ಸರಾಸರಿಯಲ್ಲಿ ಕಾಣದ ಭೇದ ನಾಲ್ಕನೆಯ ಅಂಕಣದಲ್ಲಿ ಕಾಣಬೇಕು.

ವಹಿಯಲ್ಲಿ ಬರೆದದ್ದೆಲ್ಲವೂ ಅಡಗಿಸತಕ್ಕ ಸದ್ದಲ್ಲ. ರಕ್ತದ ಆಮ್ಲಜನಕವನ್ನು ಎಣಿಸುವ ಹಲವು ಯಂತ್ರಗಳ ಸ್ವರ, ಆಮ್ಲಜನಕ ಇಳಿದಂತೆ ತಾನೂ ಇಳಿಯುತ್ತದೆ. ದಾದಿಯು ಬೆನ್ನು ತಿರುಗಿಸಿ ನಿಂತಿದ್ದಾಗಲೂ ಅದು ಅವಳಿಗೆ ಸುದ್ದಿ ಮುಟ್ಟಿಸುತ್ತದೆ. ಆಮ್ಲಜನಕದ ಕೊಳವೆಗೆ ಜೋಡಿಸಿದ ನೀರಿನ ಸೀಸೆಯ ಗುಳುಗುಳು ಸದ್ದೂ ಅಂಥದೇ. ಅದು ಕೇಳುತ್ತಿರುವ ತನಕ ಅನಿಲ ಹರಿಯುತ್ತಿದೆಯೆಂದು ಅರ್ಥ. ನಡುರಾತ್ರಿಯಲ್ಲಿ ಅದು ನಿಂತರೆ, ಏನೂ ಕೇಳಿಸದಿರುವುದೇ ದಾದಿಯನ್ನು ಆ ಮಂಚದ ಬಳಿಗೆ ಕರೆತರುತ್ತದೆ.